ಅರಳುಮರಳೋ, ಮದ್ದಿನ ನೆರಳೋ?

ಕನ್ನಡದ 'ಮದ್ದು' ಎಂಬ ಮಾತು ವಿಚಿತ್ರವಾದದ್ದು. ಕಾಯಿಲೆಗೆ ಕೊಡುವುದೂ ಮದ್ದು, ತೋಪಿಗೆ ತುಂಬುವುದೂ ಮದ್ದು. 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಎಂದು ಹಳ್ಳಿಯಲ್ಲಿ ಪಿಸುಗುಟ್ಟಿದರೆ ಅಲ್ಲಿ ಅದರ ಅರ್ಥ ವಿಷವೆಂದೇ. ಗುಣಪಡಿಸುವುದಕ್ಕೂ ಸುಡುವುದಕ್ಕೂ ಕೊಲ್ಲುವುದಕ್ಕೂ ನಮ್ಮ ಹಿರಿಯರು ಒಂದೇ ಪದವನ್ನು ಇಟ್ಟುಕೊಂಡದ್ದು ಶಬ್ದದಾರಿದ್ರ್ಯದಿಂದ ಎಂದು ನನಗೆ ತೋರುವುದಿಲ್ಲ. ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತು ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನೆಂಬ ಕವಿ 'ಖಗೇಂದ್ರಮಣಿದರ್ಪಣ'ವೆಂಬ ಇಡಿಯ ಗ್ರಂಥವನ್ನು ಕನ್ನಡದಲ್ಲಿ ಬರೆದ ನಾಡು ನಮ್ಮದು. ಅದಕ್ಕೂ ಎಷ್ಟೋ ಹಿಂದೆ, ಮದ್ದಿಗೂ ನಂಜಿಗೂ ನಡುವಣ ಗೆರೆ ವಸ್ತುವಿನಲ್ಲಿಲ್ಲ, ಅದನ್ನು ಬಳಸುವ ಬಗೆಯಲ್ಲಿದೆ ಎಂಬ ಅರಿವು ಚರಕಸಂಹಿತೆಯಲ್ಲಿ ಕಾಣುತ್ತದೆ.

ನಾನು ವೈದ್ಯನಾಗಿ ಬಹುಕಾಲ ಕಳೆದದ್ದು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಹೋಬಳಿಯಲ್ಲಿ. ನಂಜನ್ನುಂಡವನ ಸೀಮೆ ಅದು. ನಂಜನಗೂಡಿನ ಸ್ವಾಮಿಗೆ ಹಕೀಂ ನಂಜುಂಡನೆಂಬ ಹೆಸರೂ ಉಂಟು. ಟಿಪ್ಪುವಿನ ಆನೆಯ ಕಣ್ಣಿನ ಬೇನೆ ಆತನ ಕೃಪೆಯಿಂದ ಗುಣವಾಯಿತೆಂಬುದು ಐತಿಹ್ಯ. ವಿಷ ಕುಡಿದವನನ್ನೇ ವೈದ್ಯನೆಂದು ಕರೆದ ಆ ಜನರ ನಡುವೆ ಕೆಲಸ ಮಾಡಿದವನಿಗೆ, ಮದ್ದಿನೊಳಗೇ ನಂಜು ಇರಬಹುದೆಂಬ ಎಚ್ಚರ ದಿನವೂ ಇರಬೇಕಾದದ್ದು ಸಹಜವೇ.

ಇಂದು ನಾನು ಮಾತನಾಡಬೇಕೆಂದಿರುವುದು ವೃದ್ಧರಲ್ಲಿ ಔಷಧಗಳಿಂದ ಆಗುವ ಕೇಡನ್ನು ಗುರುತಿಸುವ ಬಗೆಯನ್ನು ಕುರಿತು. ಹರೆಯದವನಿಗೆ ಒಂದು ಮಾತ್ರೆ ಒಗ್ಗದಿದ್ದರೆ ಮೈಮೇಲೆ ದದ್ದು ಏಳುತ್ತದೆ, ವಾಂತಿಯಾಗುತ್ತದೆ. ಅವನೇ ಬಂದು ದೂರುತ್ತಾನೆ. ಎಂಬತ್ತು ವರ್ಷದವರಲ್ಲಿ ಅದೇ ಕೇಡು ಎಷ್ಟೋ ಸಲ ಮುಪ್ಪಿನ ವೇಷ ಹಾಕಿಕೊಂಡು ಬರುತ್ತದೆ. ಅಜ್ಜ ಬೀಳುತ್ತಾರೆ, 'ಕಾಲಿನಲ್ಲಿ ಕಸುವಿಲ್ಲ' ಎನ್ನುತ್ತೇವೆ. ಅಜ್ಜಿ ಊಟ ಬಿಡುತ್ತಾರೆ. 'ಇನ್ನೆಷ್ಟು ಉಂಡಾರು' ಎನ್ನುತ್ತೇವೆ. ಹೊತ್ತುಗೊತ್ತಿಲ್ಲದೆ ಏನೇನೋ ಮಾತನಾಡಿದರಂತೂ 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬುದು ನಮ್ಮಲ್ಲಿಯ ಮಾತು. ಈ ಒಂದು ಗಾದೆ ಮಾತ್ರ ಹಲವು ಮನೆಗಳಲ್ಲಿ ಸುಳ್ಳಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದೇ ಮಾತ್ರೆ ಮಗನಿಗೆ ಮದ್ದಾಗಿ ತಂದೆಗೆ ನಂಜಾಗುವುದು ಹೇಗೆ? ಹುಲ್ಲಹಳ್ಳಿಯ ಬಳಿ ಕಪಿಲೆಗೆ ಹಳೆಯ ಕಾಲದ ಅಣೆಕಟ್ಟೊಂದಿದೆ. ಅಲ್ಲಿಂದ ಹೊರಟ ನಾಲೆ ಗದ್ದೆಬಯಲಿಗೆ ನೀರುಣಿಸುತ್ತದೆ. ತೂಬು ತೆಗೆದು ನೀರು ಬಿಡುವುದನ್ನಷ್ಟೇ ಬಲ್ಲವನು ಬೇಸಾಯಗಾರನಾಗಲಾರ. ಹೆಚ್ಚಿನ ನೀರು ಹರಿದುಹೋಗುವ ಬಸಿಗಾಲುವೆಯನ್ನೂ ಅವನು ನೋಡಿಕೊಳ್ಳಬೇಕು. ಬಸಿಗಾಲುವೆಯಲ್ಲಿ ಹೂಳು ತುಂಬಿದ್ದರೆ, ಎಂದಿನಷ್ಟೇ ನೀರು ಬಿಟ್ಟರೂ ಪೈರು ಕೊಳೆಯುತ್ತದೆ. ದೇಹದಲ್ಲಿ ಔಷಧವನ್ನು ಬಸಿದು ಹೊರಹಾಕುವ ಕೆಲಸ ಮುಖ್ಯವಾಗಿ ಮೂತ್ರಪಿಂಡಗಳದು ಮತ್ತು ಪಿತ್ತಜನಕಾಂಗದ್ದು. ವಯಸ್ಸಾದಂತೆ ಮೂತ್ರಪಿಂಡಗಳ ಸೋಸುವ ಶಕ್ತಿ ಬಹುಮಂದಿಯಲ್ಲಿ ಕುಗ್ಗುತ್ತದೆ. ರಕ್ತದಲ್ಲಿಯ ಕ್ರಿಯಾಟಿನಿನ್ ಪರೀಕ್ಷೆಯ ಅಂಕಿ ಮಾತ್ರ ಸರಿಯಾಗಿಯೇ ಕಾಣಬಹುದು. ಆ ವಸ್ತು ಹುಟ್ಟುವುದು ಸ್ನಾಯುಗಳಲ್ಲಿ. ಬಡಕಲಾದ ಮುದುಕಿಯಲ್ಲಿ ಸ್ನಾಯುವೇ ಸವೆದಿರುವುದರಿಂದ ಅಂಕಿ ಏರುವುದಿಲ್ಲ. ಕಾಲುವೆ ಹೂತಿದ್ದರೂ ಕಾಗದದ ಮೇಲೆ ಎಲ್ಲವೂ ನೆಟ್ಟಗಿರುತ್ತದೆ.

ಇದರ ಜೊತೆಗೆ ಮುಪ್ಪಿನಲ್ಲಿ ಮೈಯ ನೀರಿನ ಅಂಶ ಇಳಿದು ಕೊಬ್ಬಿನ ಪಾಲು ಹೆಚ್ಚುತ್ತದೆ. ಕೊಬ್ಬಿನಲ್ಲಿ ಕರಗುವ ಔಷಧಗಳು ಅಲ್ಲಿ ಅಡಗಿ ಕೂರುತ್ತವೆ. ಆತಂಕಕ್ಕೂ ನಿದ್ದೆಗೂ ಕೊಡುವ ಡಯಾಜೆಪಾಂ ಎಂಬ ಔಷಧವನ್ನು ಕುರಿತು 1975ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತದಲ್ಲಿದ್ದ ಔಷಧ ಅರ್ಧಕ್ಕೆ ಇಳಿಯಲು ಇಪ್ಪತ್ತು ವರ್ಷದವರಿಗೆ ಸುಮಾರು 20 ಗಂಟೆ ಸಾಕಾದರೆ, ಎಂಬತ್ತು ವರ್ಷದವರಿಗೆ ಸುಮಾರು 90 ಗಂಟೆ ಬೇಕಾಯಿತು. ಅಂದರೆ ಸೋಮವಾರ ರಾತ್ರಿ ನುಂಗಿದ ಮಾತ್ರೆಯ ಅರ್ಧದಷ್ಟು ಶುಕ್ರವಾರ ಮಧ್ಯಾಹ್ನವೂ ಅಜ್ಜನ ಮೈಯಲ್ಲೇ ಉಳಿದಿರುತ್ತದೆ; ಅಷ್ಟರಲ್ಲಿ ಮಂಗಳವಾರ, ಬುಧವಾರ, ಗುರುವಾರಗಳ ಮಾತ್ರೆಗಳೂ ಬಂದು ಅದನ್ನು ಕೂಡಿಕೊಂಡಿರುತ್ತವೆ. ಹಗಲೆಲ್ಲ ತೂಕಡಿಸುತ್ತಾ, ಗೋಡೆ ಹಿಡಿದು ನಡೆಯುವ ಆ ಜೀವವನ್ನು ನಾವು 'ಮುಪ್ಪು ಅಡರಿತು' ಎಂದು ಮರುಗುತ್ತೇವೆ.

ಮೊದಲು ಬೀಳುವುದರ ವಿಚಾರ. ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಗೆ ಕೊಡುವ ಕೆಲವು ಮಾತ್ರೆ, ಇವು ಮಲಗಿದ್ದವರು ಎದ್ದುನಿಂತಾಗ ಒತ್ತಡವನ್ನು ತಟ್ಟನೆ ಇಳಿಸಬಲ್ಲವು. ಎದ್ದ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ಎಣಿಸುತ್ತಾರೆ. ಆದುದರಿಂದ ರಕ್ತದೊತ್ತಡವನ್ನು ಕುಳ್ಳಿರಿಸಿ ನೋಡಿದರಷ್ಟೇ ಸಾಲದು, ನಿಲ್ಲಿಸಿಯೂ ನೋಡಬೇಕು. ನಡುರಾತ್ರಿ ಮೂತ್ರಕ್ಕೆಂದು ಎದ್ದ ಮುದುಕರು ಹಿತ್ತಿಲ ಬಾಗಿಲಲ್ಲಿ ಕುಸಿದರೆಂಬ ಸುದ್ದಿ ಬಂದಾಗ ನಾನು ಮೊದಲು ಕೇಳುತ್ತಿದ್ದುದು ಮೂಳೆಯ ಮಾತಲ್ಲ; ಈಚೆಗೆ ಯಾವ ಮಾತ್ರೆ ಸೇರಿತು, ಅದನ್ನು ಎಷ್ಟು ಹೊತ್ತಿಗೆ ನುಂಗುತ್ತಾರೆ ಎಂಬುದನ್ನು. ತೊಡೆಯ ಮೂಳೆ ಮುರಿದ ಮೇಲೆ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆದಾಡುವುದೇ ಇಲ್ಲ. ಅಷ್ಟು ದೊಡ್ಡ ನಷ್ಟಕ್ಕೆ ಅಷ್ಟು ಚಿಕ್ಕ ಮಾತ್ರೆ ಕಾರಣವಾಗಿರಬಹುದೆಂದು ಮನೆಯವರಿಗೆ ನಂಬಿಕೆ ಬರುವುದೇ ಕಷ್ಟ.

ಎರಡನೆಯದು ಬುದ್ಧಿಯ ಮಂಕು. ನಮ್ಮ ಹೋಬಳಿಯ ಹಳ್ಳಿಯೊಂದರಲ್ಲಿ ಗಮಕವಾಚನಕ್ಕೆ ಹೆಸರಾದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಜೈಮಿನಿ ಭಾರತದ ಸಂಧಿಗಳು ಅವರಿಗೆ ಪುಸ್ತಕವಿಲ್ಲದೆ ಬರುತ್ತಿದ್ದವು. ಅಂಥವರು ಒಂದು ತಿಂಗಳಲ್ಲಿ ಮೊಮ್ಮಗನ ಹೆಸರನ್ನು ಮರೆತರು. ಇಲ್ಲದ ಮನುಷ್ಯರನ್ನು ಮೂಲೆಯಲ್ಲಿ ಕಂಡು ಮಾತನಾಡಿಸತೊಡಗಿದರು. ಮನೆಯಲ್ಲಿ ಎಲ್ಲರೂ ಅರಳುಮರಳೆಂದು ಒಪ್ಪಿಕೊಂಡಾಗಿತ್ತು. ಒಪ್ಪದೆ ಉಳಿದವರು ಸೊಸೆಯೊಬ್ಬರೇ. 'ಸ್ವಾಮಿ, ಯುಗಾದೀಲಿ ನಮ್ಮ ಮಾವನವ್ರು ಪಂಚಾಂಗ ಓದಿ ಹೇಳವ್ರೆ. ಮೈ ಕಡಿತಕ್ಕೆ ಅಂತ ಆ ಸಣ್ಣ ಮಾತ್ರೆ ಶುರುವಾದ್ಮೇಲೇನೇ ಹಿಂಗಾಗಿದ್ದು' ಎಂದು ಆಕೆ ಹೇಳಿದರು. ಕಡಿತಕ್ಕೂ ನೆಗಡಿಗೂ ಕೊಡುವ ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಮಾತ್ರೆಗಳು ಮೆದುಳಿನಲ್ಲಿ ನೆನಪಿಗೆ ಬೇಕಾದ ಒಂದು ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಮೂತ್ರ ತಡೆಯಲಾಗದವರಿಗೆ ಕೊಡುವ ಕೆಲವು ಮಾತ್ರೆಗಳದೂ ಇದೇ ಗುಣ. ಮೇಷ್ಟ್ರು ಅವೆರಡನ್ನೂ ಒಟ್ಟಿಗೆ ನುಂಗುತ್ತಿದ್ದರು. ಬಾಯಿ ಒಣಗುವುದು, ಮಲ ಕಟ್ಟುವುದು, ಮೂತ್ರ ಇಳಿಯದೆ ಹೊಟ್ಟೆಯ ಕೆಳಗೆ ಬಿಗಿಯುವುದು, ಕಣ್ಣು ಮಂಜಾಗುವುದು, ಇವುಗಳ ಜೊತೆಗೆ ಬುದ್ಧಿ ಕದಡಿದರೆ ಆ ಕುರುಹುಗಳು ಒಂದೇ ಮೂಲವನ್ನು ತೋರುತ್ತವೆ. ಮೇಷ್ಟ್ರ ಕಡಿತವಾದರೂ ಚಳಿಗಾಲದಲ್ಲಿ ಚರ್ಮ ಒಣಗಿದ್ದರಿಂದ ಬಂದದ್ದು. ಕೊಬ್ಬರಿ ಎಣ್ಣೆಗೆ ತಗ್ಗುವಂಥದು. ಮಾತ್ರೆಗಳನ್ನು ಬದಲಿಸಿದ ಮೇಲೆ ಹತ್ತು ಹನ್ನೆರಡು ದಿನಗಳಲ್ಲಿ ಅವರು ತಾವಾದರು. ಆ ಸೊಸೆಗೆ ವೈದ್ಯಶಾಸ್ತ್ರ ತಿಳಿದಿರಲಿಲ್ಲ. 'ಎಂದಿನಿಂದ' ಎಂಬುದು ತಿಳಿದಿತ್ತು.

ಈ 'ಎಂದಿನಿಂದ' ಎಂಬ ಪ್ರಶ್ನೆಯೇ ನಾನು ಇಂದು ನಿಮ್ಮ ಕೈಗೆ ಕೊಡಬಯಸುವ ದೀಪ. ಮುಪ್ಪು ಸಂಜೆಯಂತೆ ಬರುತ್ತದೆ; ಬೆಳಕು ಯಾವ ಗಳಿಗೆಯಲ್ಲಿ ಇಳಿಯಿತೆಂದು ಯಾರೂ ಹೇಳಲಾರರು. ಔಷಧದಿಂದ ಬರುವ ಕತ್ತಲೆ ಬಹುಮಟ್ಟಿಗೆ ಗ್ರಹಣದಂಥದು, ಅದಕ್ಕೊಂದು ತಿಥಿಯುಂಟು. ದಿನಗಳಲ್ಲಿ, ವಾರಗಳಲ್ಲಿ ಆದ ಬದಲಾವಣೆಯನ್ನು ವಯಸ್ಸಿನ ತಲೆಗೆ ಕಟ್ಟಬಾರದು. ಅದು ಸೋಂಕಿನಿಂದಲೋ ಪಾರ್ಶ್ವವಾಯುವಿನಿಂದಲೋ ಬಂದಿರಬಹುದು, ಮದ್ದಿನಿಂದಲೂ ಬಂದಿರಬಹುದು. ಯಾವುದಾದರೂ ಅದಕ್ಕೆ ವೈದ್ಯರು ಬೇಕು, ಗಾದೆ ಸಾಲದು.

ಮೂರನೆಯದು ಸಕ್ಕರೆ ಕಾಯಿಲೆಯ ಮಾತ್ರೆ. ಗ್ಲಿಬೆನ್‌ಕ್ಲಮೈಡ್ ಮೊದಲಾದ ಕೆಲವು ಮಾತ್ರೆಗಳು ಊಟ ಮಾಡಿದರೂ ಮಾಡದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತವೆ. ನಂಜುಂಡನ ಸೀಮೆಯಲ್ಲಿ ಶಿವರಾತ್ರಿಯ ಉಪವಾಸ ಹಿರಿಯರಿಗೆ ಬಿಡಲಾಗದ ವ್ರತ. ಒಂದು ಶಿವರಾತ್ರಿಯ ಸಂಜೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಬೆವೆತು, ಕಣ್ಣು ತೇಲಿಸಿ, ಅರ್ಥವಾಗದ ಮಾತನಾಡುತ್ತಿದ್ದರು. ನೆರೆದವರು ಮೈಮೇಲೆ ದೇವರು ಬಂದಿದೆಯೆಂದು ಕೈಮುಗಿದು ನಿಂತಿದ್ದರು. ಬೆಳಿಗ್ಗೆ ಮಾತ್ರೆ ನುಂಗಿದ್ದರು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ರಕ್ತದ ಸಕ್ಕರೆ ನಲವತ್ತರ ಕೆಳಗಿತ್ತು. ಗ್ಲೂಕೋಸ್ ಏರಿದೊಡನೆ ಅವರು ಎಚ್ಚೆತ್ತು ಸೆರಗು ಸರಿಪಡಿಸಿಕೊಂಡರು. ಆದರೆ ನಡುರಾತ್ರಿಗೆ ಸಕ್ಕರೆ ಮತ್ತೆ ಇಳಿಯಿತು, ಏಕೆಂದರೆ ಮಾತ್ರೆಯ ಬಲ ಇನ್ನೂ ಮುಗಿದಿರಲಿಲ್ಲ. ಆದ್ದರಿಂದ ನೆನಪಿಡಬೇಕಾದದ್ದು ಇಷ್ಟು: ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಬೆವೆತು ನಡುಗಿದರೆ, ಅಸಂಬದ್ಧವಾಗಿ ಮಾತನಾಡಿದರೆ, ನುಂಗಬಲ್ಲಷ್ಟು ಎಚ್ಚರವಿದ್ದಲ್ಲಿ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ವ್ರತವಿರುವ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ಹಿಂದಿನ ವಾರವೇ ವೈದ್ಯರನ್ನು ಕೇಳಿ.

ನಾಲ್ಕನೆಯದು ನೋವಿನ ಮಾತ್ರೆ. ನಾಟಿ ಮಾಡಿದ ಸೊಂಟ, ಹೊರೆ ಹೊತ್ತ ಮಂಡಿ, ಇವಕ್ಕೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಡೈಕ್ಲೋಫೆನಾಕ್‌ನಂಥ ಮಾತ್ರೆ ಹಿತವೆನಿಸುತ್ತದೆ. ಅದೇ ಮಾತ್ರೆ ಜಠರದಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡವನ್ನು ಕುಗ್ಗಿಸಬಹುದು, ರಕ್ತದೊತ್ತಡವನ್ನು ಏರಿಸಬಹುದು. ಮುದುಕರಲ್ಲಿ ಹುಣ್ಣು ಎಷ್ಟೋ ಸಲ ನೋವನ್ನೇ ಕೊಡದೆ ಒಮ್ಮೆಗೇ ರಕ್ತ ಸುರಿಸುತ್ತದೆ. ಆಗ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ನಾತ ಹೊಡೆಯುತ್ತದೆ. ಕಬ್ಬಿಣದ ಮಾತ್ರೆ ತಿಂದವರಲ್ಲಿಯೂ ಮಲ ಕಪ್ಪಾಗುವುದುಂಟು; ಆದರೆ ಅದರಲ್ಲಿ ಆ ಅಂಟಾಗಲಿ ಆ ನಾತವಾಗಲಿ ಇರುವುದಿಲ್ಲ. ರಕ್ತ ತೆಳುಮಾಡುವ ಮಾತ್ರೆಯನ್ನೋ ಆಸ್ಪಿರಿನ್ನನ್ನೋ ನುಂಗುವವರು ನೋವಿನ ಮಾತ್ರೆಯನ್ನೂ ಸೇರಿಸಿದರೆ ಅಪಾಯ ಇಮ್ಮಡಿಯಾಗುತ್ತದೆ. ಇನ್ನು ಹೆಸರು ವಿಳಾಸವಿಲ್ಲದ ಪೊಟ್ಟಣಗಳಲ್ಲಿ ಮಂಡಿನೋವಿಗೆಂದು ಮಾರುವ ಪುಡಿಗಳುಂಟು. ಎರಡೇ ದಿನದಲ್ಲಿ ನೋವು ಮಾಯವಾಗಿ, ಕೆಲವು ತಿಂಗಳಲ್ಲಿ ಮುಖ ಚಂದ್ರನಂತೆ ದುಂಡಗಾದರೆ, ಅದರೊಳಗೆ ಸ್ಟಿರಾಯ್ಡ್ ಅಡಗಿದೆಯೆಂದು ಶಂಕಿಸಬೇಕು.

ಐದನೆಯದು ನಾನು ಮದ್ದಿನ ಸರಪಳಿಯೆಂದು ಕರೆಯುವ ಸಂಗತಿ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಎಂಬ ಒಳ್ಳೆಯ ಮಾತ್ರೆ ಕೆಲವರಲ್ಲಿ ಪಾದಗಳನ್ನು ಊದಿಸುತ್ತದೆ. ಊತಕ್ಕೆಂದು ಇನ್ನೊಂದೆಡೆ ಮೂತ್ರ ಹೆಚ್ಚಿಸುವ ಮಾತ್ರೆ ಸಿಗುತ್ತದೆ. ಅದರಿಂದ ಮೈಯ ಲವಣ ಇಳಿದು ತಲೆಸುತ್ತು ಬರುತ್ತದೆ. ತಲೆಸುತ್ತಿಗೆ ಮೂರನೆಯ ಮಾತ್ರೆ. ಅದು ದಿನಗಟ್ಟಲೆ ಮುಂದುವರಿದರೆ ಕೈನಡುಕ. ನಡುಕ ಕಂಡರೆ ಕಂಪವಾತವೆಂದು ನಾಲ್ಕನೆಯದು. ಮೊದಲನೆಯ ಕೊಂಡಿಯನ್ನು ಕಳಚಿದ್ದರೆ ಉಳಿದ ಮೂರೂ ಬೇಕಿರಲಿಲ್ಲ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿನ ಸಂಶೋಧಕರು ಬೋಧನಾ ಆಸ್ಪತ್ರೆಗಳಲ್ಲಿ ದಾಖಲಾದ ಹಿರಿಯರನ್ನು ಕುರಿತು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಮೆ ನಾಲ್ವರಲ್ಲಿ ಒಬ್ಬರಿಗೆ ಆ ವಯಸ್ಸಿಗೆ ಸಲ್ಲದೆಂದು ಎಣಿಸಲಾದ ಒಂದಾದರೂ ಔಷಧ ಸಂದಿತ್ತು. ವೃದ್ಧರಿಗೆ ಯಾವ ಯಾವ ಔಷಧ ಸಲ್ಲದೆಂಬ ಪಟ್ಟಿಯೊಂದನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಮೊದಲು ಸಿದ್ಧಪಡಿಸಿದರು; ಅವರ ಹೆಸರಿನಿಂದಲೇ ಇಂದಿಗೂ ಆ ಪಟ್ಟಿ ಪರಿಷ್ಕೃತವಾಗುತ್ತ ಬಂದಿದೆ. ನಾನು ಮೇಲೆ ಹೇಳಿದ ಡಯಾಜೆಪಾಂ, ಕ್ಲೋರ್‌ಫೆನಿರಮಿನ್, ಗ್ಲಿಬೆನ್‌ಕ್ಲಮೈಡ್ ಮೂರೂ ಅದರಲ್ಲಿವೆ.

ಇದನ್ನೆಲ್ಲ ಕೇಳಿ ಯಾರೂ ಮನೆಯ ಮಾತ್ರೆಗಳನ್ನು ಕಪಿಲೆಗೆ ಎಸೆಯಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ. ರಕ್ತದೊತ್ತಡದ ಒಂದು ಮಾತ್ರೆ ಎಷ್ಟು ಮಂದಿಯನ್ನು ಪಾರ್ಶ್ವವಾಯುವಿನಿಂದ ಉಳಿಸಿದೆಯೆಂಬುದನ್ನು ಹಳ್ಳಿಯ ವೈದ್ಯನಷ್ಟು ಚೆನ್ನಾಗಿ ಬಲ್ಲವರು ಇಲ್ಲ. ಹೃದಯದ ಕೆಲವು ಮಾತ್ರೆಗಳನ್ನು, ಮೂರ್ಛೆರೋಗದ ಮಾತ್ರೆಗಳನ್ನು, ಬಹುಕಾಲ ತಿಂದ ಸ್ಟಿರಾಯ್ಡನ್ನು, ರೂಢಿಯಾದ ನಿದ್ದೆಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯನ ಕಥೆ ಇಲ್ಲಿ ನೆನಪಾಗುತ್ತದೆ. ಮುದುಕಿಯೊಬ್ಬಳು ಗುಟ್ಟಾಗಿ ಇಟ್ಟುಕೊಂಡಿದ್ದ ಮನೆಮದ್ದಿನಿಂದ ಡಿಜಿಟಾಲಿಸ್ ಗಿಡದ ಗುಣವನ್ನು ಅರಿತ ಆತ, 1785ರಲ್ಲಿ ಅದನ್ನು ಕುರಿತು ಪುಸ್ತಕ ಬರೆದಾಗ ಅದರಿಂದಾಗುವ ಲಾಭದ ಜೊತೆಗೇ ವಾಂತಿ, ಮಂದಗತಿಯ ನಾಡಿ, ವಸ್ತುಗಳೆಲ್ಲ ಹಳದಿಯಾಗಿಯೋ ಹಸಿರಾಗಿಯೋ ಕಾಣುವುದು ಮೊದಲಾದ ಕೇಡುಗಳನ್ನೂ ದಾಖಲಿಸಿದ. ಕೇಡನ್ನು ಕಂಡು ಗಿಡವನ್ನು ತೊರೆಯಲಿಲ್ಲ, ಅಳತೆಯನ್ನು ಕಲಿತ. ಆ ಗಿಡದ ಕುಲದಿಂದ ಬಂದ ಡಿಗಾಕ್ಸಿನ್ ಇಂದೂ ಹೃದ್ರೋಗಿಗಳ ಪೆಟ್ಟಿಗೆಯಲ್ಲಿದೆ. ಅದನ್ನು ನುಂಗುವ ಹಿರಿಯರಿಗೆ ಊಟ ಸೇರದಾದರೆ 'ವಯಸ್ಸಿನ ಅರುಚಿ' ಎನ್ನುವ ಮೊದಲು ನಾಡಿ ಹಿಡಿದು ನೋಡಬೇಕು.

ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಕುರುಹುಗಳು ಯಾವುವು? ತುಟಿ, ನಾಲಗೆ, ಮುಖ ಊದಿ ಉಸಿರು ಕಟ್ಟುವುದು; ಕರಿಯ ಅಂಟುಮಲ ಅಥವಾ ರಕ್ತವಾಂತಿ; ರಕ್ತ ತೆಳುಮಾಡುವ ಮಾತ್ರೆ ತಿನ್ನುವವರು ಬಿದ್ದು ತಲೆಗೆ ಪೆಟ್ಟಾಗುವುದು, ಮೇಲೆ ಗಾಯ ಕಾಣದಿದ್ದರೂ ಸರಿಯೆ; ಎಬ್ಬಿಸಿದರೂ ಏಳದ ಮಂಪರು; ಒಂದೆರಡು ದಿನದಲ್ಲಿ ಬಂದ ಬುದ್ಧಿಭ್ರಮಣೆ; ಮೈಮೇಲೆ ಗುಳ್ಳೆಗಳೆದ್ದು ಚರ್ಮ ಸುಲಿದು ಬಾಯಿ, ಕಣ್ಣು ಹುಣ್ಣಾಗುವುದು; ಮೂತ್ರ ಕಟ್ಟಿಕೊಳ್ಳುವುದು. ಕರ್ನಾಟಕದಲ್ಲಿ 2008ರಿಂದ ನಡೆದುಬಂದಿರುವ 108ರ ಆಂಬುಲೆನ್ಸ್ ಇರುವುದು ಇಂಥ ಹೊತ್ತಿಗಾಗಿಯೇ. ಇನ್ನೊಂದು ಮಾತು: ವಾಂತಿಭೇದಿಯಾಗಿ ನೀರು ಕಳೆದುಕೊಂಡ ದಿನ ಒತ್ತಡದ, ಸಕ್ಕರೆಯ, ಮೂತ್ರದ ಮಾತ್ರೆಗಳೇ ಮೂತ್ರಪಿಂಡಕ್ಕೆ ಮುಳುವಾಗಬಹುದು. ಅಂದು ಎಂದಿನಂತೆ ನುಂಗಿಸುವ ಮೊದಲು ವೈದ್ಯರನ್ನು ವಿಚಾರಿಸಿ.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚಿದ್ದರು. ಅಲ್ಲಿಂದೀಚೆಗೆ ಆ ಪಾಲು ಏರುತ್ತಲೇ ಇದೆ. ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದು, ಹಳ್ಳಿಯ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಉಳಿದಿರುವ ಸಂಸಾರಗಳು ಈಗ ಅಪರೂಪವಲ್ಲ. ಮಾತ್ರೆಯ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಪೊರೆ ಬಂದ ಕಣ್ಣಿಗೆ ಕಾಣುವುದಿಲ್ಲ. 'ಡಾಕ್ಟ್ರು ಕೊಟ್ಟವ್ರೆ, ನುಂಗ್ಬೇಕು' ಎಂಬುದೇ ಅವರ ನಿಯಮ. ಪ್ರಶ್ನೆ ಕೇಳಿದರೆ ವೈದ್ಯರಿಗೆ ಅಗೌರವವೆಂಬ ಸಂಕೋಚ ಬೇರೆ. ಆ ಪ್ರಶ್ನೆಯನ್ನು ಅವರ ಪರವಾಗಿ ಕೇಳಬೇಕಾದವರು ನಾವು.

ಆದುದರಿಂದ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಗೂಡಿನಲ್ಲಿ, ದಿಂಬಿನಡಿಯಲ್ಲಿ, ಎಲೆಯಡಿಕೆ ಚೀಲದಲ್ಲಿ ಇರುವ ಮಾತ್ರೆಗಳನ್ನೆಲ್ಲ, ನಾಟಿ ಮದ್ದನ್ನೂ ಬಿಡದೆ, ಒಂದು ಚಾಪೆಯ ಮೇಲೆ ಸುರಿಯಿರಿ. ಇದು ಯಾವುದಕ್ಕೆ, ಯಾರು ಕೊಟ್ಟದ್ದು, ಎಂದಿನಿಂದ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಶ್ರೀಕಂಠೇಶ್ವರನೆಂದರೂ ನಂಜುಂಡೇಶ್ವರನೆಂದರೂ ದೇವರು ಒಬ್ಬನೇ. ಹಾಗೆಯೇ ಎರಡು ಕಂಪನಿಗಳು ಎರಡು ಹೆಸರಿನಲ್ಲಿ ಮಾರುವ ಔಷಧವೂ ಒಂದೇ ಆಗಿರಬಹುದು. ಇಬ್ಬರು ವೈದ್ಯರು ಬರೆದುಕೊಟ್ಟ ಆ ಒಂದೇ ಔಷಧವನ್ನು ಅಮ್ಮ ಇಮ್ಮಡಿ ನುಂಗುತ್ತಿರಬಹುದು. ಹಾಳೆಯನ್ನೂ ಚೀಲವನ್ನೂ ಒಬ್ಬ ವೈದ್ಯರ ಮುಂದಿಟ್ಟು, 'ಇವುಗಳಲ್ಲಿ ಯಾವುದನ್ನು ಕಡಿಮೆ ಮಾಡಬಹುದು?' ಎಂದು ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಔಷಧದಿಂದ ಕೇಡಾಯಿತೆಂಬ ಅನುಮಾನವಿದ್ದರೆ ಅದನ್ನು ದಾಖಲಿಸಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. 1800-180-3024 ಎಂಬ ಶುಲ್ಕವಿಲ್ಲದ ದೂರವಾಣಿಗೆ ರೋಗಿಗಳಾಗಲಿ ಮನೆಯವರಾಗಲಿ ತಿಳಿಸಬಹುದು. ಒಬ್ಬರ ದೂರು ಇನ್ನೊಬ್ಬರ ರಕ್ಷೆಯಾಗುತ್ತದೆ.

ಹಾಲಾಹಲವನ್ನು ಗಂಟಲಲ್ಲಿ ತಡೆದು ನಿಲ್ಲಿಸುವ ಶಕ್ತಿ ದೇವರಿಗುಂಟು. ನಮ್ಮ ತಂದೆತಾಯಿಯರದು ಅಂಥ ಕಂಠವಲ್ಲ. ಕೊಟ್ಟದ್ದು ಒಳಗೆ ಇಳಿದೇ ಇಳಿಯುತ್ತದೆ. ಏನು ಇಳಿಯುತ್ತಿದೆ, ಎಂದಿನಿಂದ ಇಳಿಯುತ್ತಿದೆ ಎಂದು ಅವರ ಪಕ್ಕದಲ್ಲಿ ಕುಳಿತು ಎಣಿಸುವ ಕೈಯೊಂದು ಮನೆಯಲ್ಲಿದ್ದರೆ, ಅವರ ಮುಪ್ಪು ಅದರ ಪಾಡಿಗೆ, ಅದರದೇ ನಡಿಗೆಯಲ್ಲಿ ಬರುತ್ತದೆ.